ಚಳಿ ಊರಿನ ಫ್ರಿಡ್ಜ್: ಉಳಿದ ಪಂದಿ ಕರಿ ಎಷ್ಟು ದಿನ, ಕರೆಂಟ್ ಹೋದರೆ ಏನು

ಜೂನ್ ಬಂತೆಂದರೆ ಮಡಿಕೇರಿ ಕಡೆಯ ಅಡುಗೆಮನೆಗಳಲ್ಲಿ ಒಂದು ಮಾತು ಕೇಳಿಸುತ್ತದೆ. ‘ಈ ಚಳಿಗೆ ಫ್ರಿಡ್ಜ್ ಬೇರೆ ಯಾಕೆ? ಹೊರಗಿಟ್ಟರೂ ಏನೂ ಆಗಲ್ಲ.’ ಸ್ವೆಟರ್ ಹಾಕಿಕೊಂಡು ಒಲೆ ಮುಂದೆ ಕೂತವರು ಹೀಗೆ ಹೇಳಿದರೆ ಹೌದಲ್ವಾ ಅನಿಸುತ್ತದೆ. ಆದರೆ ನಮಗೆ ಚಳಿ ಅನಿಸುವ ಲೆಕ್ಕ ಬೇರೆ, ಬ್ಯಾಕ್ಟೀರಿಯಾದ ಲೆಕ್ಕ ಬೇರೆ.

ಆಹಾರವನ್ನು ಕೆಡಿಸುವ, ಹೊಟ್ಟೆ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತವೆ. ಮೈ ಬಿಸಿಯ ಆಸುಪಾಸಿನಲ್ಲಿ ಅವುಗಳಿಗೆ ಹಬ್ಬ. ಕೆಲವು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಹಾಗೆ ಲೆಕ್ಕ ಹಾಕಿದರೆ ಒಂದೇ ಒಂದು ಬ್ಯಾಕ್ಟೀರಿಯಾ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ಅಡುಗೆಮನೆಯ ಬಿಸಿ 20 ಡಿಗ್ರಿ ಇದೆ ಅಂದುಕೊಳ್ಳಿ. ಬೆಳವಣಿಗೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ರಾತ್ರಿಯಿಡೀ ಸಮಯವೂ ಸಿಗುತ್ತದೆ. ಡಿಸೆಂಬರ್‌ನ ಮುಂಜಾನೆ 12 ಡಿಗ್ರಿಗೆ ಇಳಿದರೂ ಅದು ಫ್ರಿಡ್ಜ್ ಅಲ್ಲ. ಇನ್ನು ಕುಶಾಲನಗರದ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನದ ಮಾತೇ ಬೇಡ.

ಹಾಗಾಗಿ ನಿಯಮ ಎಲ್ಲ ಊರಿಗೂ ಒಂದೇ. ಬೇಯಿಸಿದ ಅಡುಗೆ, ಹಸಿ ಮಾಂಸ, ಮೀನು, ಹಾಲು ಇವು ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ. ಫ್ರಿಡ್ಜ್ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರ್‌ನಲ್ಲಿ ಮೈನಸ್ 18 ಇರಬೇಕು.

4 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಬೆಳೆಯುವ ವೇಗ ತೀರಾ ಇಳಿಯುತ್ತದೆ, ಅಷ್ಟೇ. ಮೈನಸ್ 18ರಲ್ಲಿ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ, ಆದರೂ ಅವು ಅಲ್ಲೇ ಇರುತ್ತವೆ. ಕರಗಿದ ಮೇಲೆ ಬಿಟ್ಟಲ್ಲಿಂದ ಶುರು. ಹಾಗಾಗಿ ಕೆಡಲು ಶುರುವಾದದ್ದನ್ನು ಫ್ರೀಜರ್‌ಗೆ ಹಾಕಿ ಉಳಿಸಿಕೊಳ್ಳುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ.

ಮೂಸಿ ನೋಡಿದರೆ ಸಾಕಾ?

ಸಾಲದು. ಆಹಾರದ ಮೇಲೆ ಕೂರುವವು ಎರಡು ಥರ. ಒಂದು, ಕೆಡಿಸುವವು. ಹುಳಿ ವಾಸನೆ, ಲೋಳೆ, ಬೂಷ್ಟು ಎಲ್ಲ ಇವುಗಳ ಕೆಲಸ. ಇನ್ನೊಂದು, ಕಾಯಿಲೆ ತರುವವು. ಸಾಲ್ಮೊನೆಲ್ಲಾ ಇರುವ ಕೋಳಿಗೆ ಬೇರೆ ವಾಸನೆ ಇರುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ವಾಸನೆ ಬಂದರೆ ಎಸೆಯಿರಿ, ಸರಿ. ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ತಿನ್ನಬಹುದು ಅಂತಲ್ಲ. ಅಜ್ಜಿಯರ ಮೂಗಿನ ಮೇಲೆ ನನಗೆ ಬಹಳ ಗೌರವ ಇದೆ, ಆದರೆ ಈ ಎರಡನೇ ಥರದವು ಯಾವ ಮೂಗಿಗೂ ಸಿಗುವುದಿಲ್ಲ.

‘ಚೆನ್ನಾಗಿ ಕುದಿಸಿದರೆ ಎಲ್ಲ ಸಾಯುತ್ತದೆ’ ಅನ್ನುವುದೂ ಅರ್ಧ ನಿಜ. ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಕೆಲವು ಬ್ಯಾಕ್ಟೀರಿಯಾ ಬೆಳೆಯುವಾಗ ವಿಷ ಬಿಡುತ್ತವೆ, ಆ ವಿಷ ಕುದಿಸಿದರೂ ಹೋಗುವುದಿಲ್ಲ. ನಮ್ಮ ಕೈ, ಮೂಗಿನಿಂದ ಅಡುಗೆಗೆ ಸೇರುವ ಸ್ಟ್ಯಾಫಿಲೊಕಾಕಸ್ ಹಾಗೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಕೂಡ ಹಾಗೆ.

ಈ ಎರಡನೆಯದು ಅಕ್ಕಿ ತಿನ್ನುವ ನಮಗೆ ಮುಖ್ಯ. ಅದರ ಬೀಜಕಣಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ಹಸಿ ಅಕ್ಕಿಯಲ್ಲೇ ಇರುತ್ತವೆ. ಅನ್ನ ಬೇಯುವಾಗ ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತಾಗ ಎದ್ದು ಬೆಳೆಯುತ್ತವೆ. ರಾತ್ರಿ ಹೊರಗೆ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿ ತಿಂದು ವಾಂತಿ ಶುರುವಾದರೆ ಬಾಣಲೆಯ ಬಿಸಿ ಸಾಲಲಿಲ್ಲ ಅಂತಲ್ಲ. ವಿಷ ರಾತ್ರಿಯೇ ತಯಾರಾಗಿತ್ತು. ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟಿನಂಥ ಅಕ್ಕಿ ತಿಂಡಿಗಳು, ಅಕ್ಕಿ ರೊಟ್ಟಿಗೆ ಕಲಸಿ ಉಳಿದ ಅನ್ನದ ಹಿಟ್ಟು, ಎಲ್ಲಕ್ಕೂ ಇದೇ ಮಾತು. ಊಟ ಮುಗಿದ ಕೂಡಲೇ ಉಳಿದದ್ದು ಫ್ರಿಡ್ಜ್‌ಗೆ ಹೋಗಲಿ, ಒಂದೆರಡು ದಿನದೊಳಗೆ ಮುಗಿಯಲಿ.

ಫ್ರಿಡ್ಜ್‌ನಲ್ಲಿಟ್ಟ ಕಡಂಬುಟ್ಟು ಮಾರನೇ ದಿನ ಕಲ್ಲಾಗುತ್ತದೆ ಅಂತ ಹಲವರು ಅದನ್ನು ಹೊರಗೇ ಇಡುತ್ತಾರೆ. ಅದು ಕೆಟ್ಟಿದ್ದಲ್ಲ. ಬೆಂದಾಗ ನೀರು ಕುಡಿದು ಸಡಿಲವಾದ ಅಕ್ಕಿಯ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿಯಾಗಿ ಜೋಡಿಕೊಳ್ಳುತ್ತದೆ. ಫ್ರಿಡ್ಜ್‌ನ ಚಳಿಯಲ್ಲಿ ಈ ಕೆಲಸ ಬೇಗ ಆಗುತ್ತದೆ. ಮತ್ತೆ ಹಬೆಯಲ್ಲಿ ಬೇಯಿಸಿ, ಮೆತ್ತಗಾಗುತ್ತದೆ. ಮೈಕ್ರೋವೇವ್ ಆದರೆ ಮೇಲೆ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿಡಿ.

ದೊಡ್ಡ ಪಾತ್ರೆಯ ಪಂದಿ ಕರಿ

ಕೈಲ್ ಪೊಳ್ದ್ ಹಬ್ಬ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ, ಮದುವೆ, ನಾಮಕರಣ, ಏನೇ ಇರಲಿ, ಪಂದಿ ಕರಿಯನ್ನು, ಅಂದರೆ ನಮ್ಮ ಹಂದಿ ಮಾಂಸದ ಸಾರನ್ನು, ಕಾಲು ಕೆಜಿ ಮಾಡಿದವರಿಲ್ಲ. ದೊಡ್ಡ ಪಾತ್ರೆಯಲ್ಲಿ ಮಾಡುತ್ತೇವೆ, ಉಳಿಯುತ್ತದೆ. ಮಾರನೇ ದಿನ ರುಚಿ ಜಾಸ್ತಿ ಅನ್ನುವುದೂ ಸುಳ್ಳಲ್ಲ. ಅಪಾಯ ಇರುವುದು ಒಲೆಯಿಂದ ಇಳಿಸಿದ ಮೇಲಿನ ಐದಾರು ಗಂಟೆಗಳಲ್ಲಿ.

ಗಟ್ಟಿ ಮಸಾಲೆ, ಮಾಂಸದ ತುಂಡು, ಮೇಲೆ ಬೆರಳು ದಪ್ಪ ಕೊಬ್ಬು. ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಪಾತ್ರೆಯ ಹೊರಮೈ ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಸೌಟು ಹಾಕಿದರೆ ಇನ್ನೂ ಬೆಚ್ಚಗಿರುತ್ತದೆ. ಈ ಬೆಚ್ಚಗಿನ ಜಾಗ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ್ದು. ಮಾಂಸದಲ್ಲಿರುವ ಇದರ ಬೀಜಕಣಗಳು ಕುದಿಯನ್ನೂ ತಡೆದುಕೊಳ್ಳುತ್ತವೆ. ಪಾತ್ರೆ ತಣಿಯುತ್ತಾ 45 ಡಿಗ್ರಿ ಹತ್ತಿರ ಬಂದಾಗ ಅವು ಮೊಳೆತು ಸುಮಾರು 10 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲವು. ಗಾಳಿ ಇಲ್ಲದಿದ್ದರೇ ಅದಕ್ಕೆ ಒಳ್ಳೆಯದು. ಸಮಾರಂಭದ ಊಟದ ಮಾರನೇ ದಿನ ಮನೆಮಂದಿಗೆಲ್ಲ ಹೊಟ್ಟೆನೋವು, ಭೇದಿ ಆದರೆ ಅನುಮಾನಪಡಬೇಕಾದವುಗಳಲ್ಲಿ ಇದೂ ಒಂದು.

ಹಾಗಾಗಿ ‘ಮೇಲೆ ಕೊಬ್ಬು ಕಟ್ಟಿದೆ, ಗಾಳಿ ಆಡಲ್ಲ, ಕೆಡಲ್ಲ’ ಅನ್ನುವ ಮಾತನ್ನು ಸ್ವಲ್ಪ ಯೋಚಿಸಿ ಹೇಳಬೇಕು. ಕೊಬ್ಬಿನ ಪದರ ಬೂಷ್ಟನ್ನು ತಡೆಯುತ್ತದೆ ನಿಜ. ಗಾಳಿ ಬೇಡದ ಬ್ಯಾಕ್ಟೀರಿಯಾಕ್ಕೆ ಅದೇ ಹೊದಿಕೆಯಾಗುತ್ತದೆ.

‘ಕಾಚಂಪುಳಿ ಹಾಕಿದ್ದೇವಲ್ಲ?’ ಅಂತ ಕೊಡಗಿನ ಆ ಕಪ್ಪು ಹುಳಿ ರಸವನ್ನು ನಂಬಿ ಕೇಳುವವರು ಇದ್ದೇ ಇರುತ್ತಾರೆ. ಹುಳಿ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ, ಒಪ್ಪಿದೆ. ಬಾಟಲಿಯಲ್ಲಿರುವ ಕಾಚಂಪುಳಿ ಹೊರಗೇ ವರ್ಷಗಟ್ಟಲೆ ಇರುವುದು ಅದಕ್ಕೇ. ಆದರೆ ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚ ಹಾಕಿದರೆ ಕರಿ ಉಪ್ಪಿನಕಾಯಿ ಆಗಿಬಿಡುವುದಿಲ್ಲ. ದಪ್ಪ ತುಂಡಿನ ನಡುವಿಗೆ ಆ ಹುಳಿ ಎಷ್ಟು ಇಳಿದೀತು? ಅದನ್ನು ರುಚಿಗೆ ಹಾಕಿ, ಕಾವಲಿಗೆ ಅಂತ ನಂಬಬೇಡಿ.

ಹಿಂದೆ ಫ್ರಿಡ್ಜ್ ಇಲ್ಲದಾಗ ಏನು ಮಾಡುತ್ತಿದ್ದರು? ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕುದಿ ಬರಿಸಿ ಇಡುತ್ತಿದ್ದರು. ಒಲೆಯಲ್ಲಿ ಕೆಂಡ ಯಾವಾಗಲೂ ಇರುತ್ತಿತ್ತು. ಮೊಳೆತ ಬ್ಯಾಕ್ಟೀರಿಯಾ ಪ್ರತಿ ಸಲವೂ ಕುದಿಗೆ ಸಿಕ್ಕಿ ಸಾಯುತ್ತಿದ್ದವು. ಅಪಾಯ ತಗ್ಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ, ಅದೂ ಒಂದು ಹೊತ್ತೂ ತಪ್ಪಿಸದಿದ್ದರೆ. ಈಗ ಗ್ಯಾಸ್ ಒಲೆ, ಆಫೀಸು, ಶಾಲೆ ಬಸ್ಸು. ಒಂದು ಹೊತ್ತು ತಪ್ಪುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ ಮಾಂಸದ ಕಥೆ ಬೇರೆ, ಅದರಲ್ಲಿ ನೀರು ಬಹಳ ಕಡಿಮೆ. ಆದರೆ ನಮ್ಮ ಮಳೆಗಾಲದ ಗಾಳಿಗೆ ಅದೂ ತೇವ ಎಳೆದುಕೊಳ್ಳುತ್ತದೆ. ಹೊಗೆ ಆಡದ ಮನೆಯಲ್ಲಿ ಅದನ್ನೂ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಡ್ಜ್‌ನಲ್ಲಿಡುವುದು ಒಳ್ಳೆಯದು.

ಈಗ ಕೆಲಸದ ಮಾತು. ಊಟ ಮುಗಿದ ಮೇಲೆ ಉಳಿದ ಕರಿಯನ್ನು ದೊಡ್ಡ ಪಾತ್ರೆಯಿಂದ ತೆಗೆಯಿರಿ. ಅಗಲವಾದ, ಆಳ ಕಡಿಮೆ ಇರುವ ಪಾತ್ರೆಗಳಿಗೆ ಎರಡು ಬೆರಳು ಎತ್ತರದಷ್ಟು ಹರವಿ. ಆ ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್‌ನಲ್ಲಿ ಕೂರಿಸಿ, ಆಗಾಗ ಸೌಟಿನಿಂದ ಕಲಕಿ. ನಮ್ಮ ಬಾವಿಯ ನೀರು ಯಾವ ಕಾಲಕ್ಕೂ ತಣ್ಣಗೇ ಇರುತ್ತದೆ, ಅರ್ಧ ಗಂಟೆಯಲ್ಲಿ ಹಬೆ ನಿಲ್ಲುತ್ತದೆ. ಆಮೇಲೆ ಮುಚ್ಚಿ ಫ್ರಿಡ್ಜ್‌ಗಿಡಿ. ಪೂರ್ತಿ ತಣ್ಣಗಾಗಲಿ ಅಂತ ರಾತ್ರಿ ಹನ್ನೊಂದರವರೆಗೆ ಕಾಯಬೇಕಿಲ್ಲ. ಸ್ವಲ್ಪ ಬೆಚ್ಚಗಿದ್ದರೂ ಪರವಾಗಿಲ್ಲ. ಕೊತಕೊತ ಕುದಿಯುವ ಇಡೀ ಪಾತ್ರೆಯನ್ನು ಒಳಗೆ ನೂಕಬೇಡಿ. ಅದು ತಣಿಯುವಷ್ಟರಲ್ಲಿ ಪಕ್ಕದ ಹಾಲು, ಮೊಸರು ಬಿಸಿಯಾಗಿರುತ್ತವೆ.

ಹೀಗಿಟ್ಟದ್ದು 3ರಿಂದ 4 ದಿನ. ಅದಕ್ಕಿಂತ ಜಾಸ್ತಿ ದಿನಕ್ಕೆ ಬೇಕಿದ್ದರೆ ಮೊದಲ ದಿನವೇ ಫ್ರೀಜರ್‌ಗೆ. ತಿನ್ನುವಾಗ ಒಂದು ಹೊತ್ತಿಗೆ ಬೇಕಾದಷ್ಟೇ ತೆಗೆದು, ನಡುವೆಯೂ ಕುದಿ ಬರುವಂತೆ ಬಿಸಿ ಮಾಡಿ. ಇಡೀ ಪಾತ್ರೆ ಬಿಸಿ ಮಾಡುವುದು, ಮತ್ತೆ ಒಳಗಿಡುವುದು, ನಾಳೆ ಮತ್ತೆ ತೆಗೆಯುವುದು, ಪ್ರತಿ ಸಲವೂ ಅದು ಆ 5ರಿಂದ 60 ಡಿಗ್ರಿಯ ದಾರಿಯಲ್ಲೇ ಹೋಗಿ ಬರುತ್ತದೆ.

ಹಸಿ ಮಾಂಸ, ಮೀನು, ಮೊಟ್ಟೆ

ಭಾನುವಾರ ಗೋಣಿಕೊಪ್ಪಕ್ಕೋ ವಿರಾಜಪೇಟೆಗೋ ಹೋದವರು ಮಾಂಸವನ್ನು ಮೊದಲು ಕೊಂಡು, ಆಮೇಲೆ ತರಕಾರಿ, ಗೊಬ್ಬರದ ಅಂಗಡಿ, ಒಂದು ಕಾಫಿ, ಯಾರದೋ ಮನೆ ಅಂತ ಸುತ್ತಿ ಬರುತ್ತಾರೆ. ಜೀಪಿನ ಹಿಂದೆ ಮಾಂಸದ ಚೀಲ ಮೂರು ಗಂಟೆ ಕೂತಿರುತ್ತದೆ. ಸುಮ್ನೆ ಕ್ರಮ ತಿರುಗಿಸಿದರೆ ಸಾಕು, ಮಾಂಸ ಕೊನೆಗೆ ಕೊಳ್ಳಿ.

ಹಸಿ ಕೋಳಿ, ಮೀನು, ಕೈಮಾ ಫ್ರಿಡ್ಜ್‌ನಲ್ಲಿ 1ರಿಂದ 2 ದಿನ. ಹಂದಿ ಮಾಂಸದ ದೊಡ್ಡ ತುಂಡು 3ರಿಂದ 5 ದಿನ. ಇಡುವುದು ಯಾವಾಗಲೂ ಕೆಳಗಿನ ಅರೆಯಲ್ಲಿ, ಅಂಚಿರುವ ಪಾತ್ರೆಯೊಳಗೆ. ಮೇಲಿಟ್ಟರೆ ರಕ್ತದ ನೀರು ಕೆಳಗಿನ ಸೌತೆಕಾಯಿ, ಕೊತ್ತಂಬರಿ ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತದೆ. ಮಾಂಸ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ತೊಂದರೆ ಹೀಗೂ ಬರುತ್ತದೆ.

ಫ್ರೀಜರ್‌ಗೆ ಹಾಕುವಾಗ ಒಂದು ಸಲದ ಅಡುಗೆಗೆ ಎಷ್ಟೋ ಅಷ್ಟೇ ತೂಕದ ಪೊಟ್ಟಣ ಮಾಡಿ, ಒತ್ತಿ ಚಪ್ಪಟೆ ಮಾಡಿ, ಮೇಲೆ ದಿನಾಂಕ ಬರೆಯಿರಿ. ಚಪ್ಪಟೆ ಪೊಟ್ಟಣ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಮೂರು ಕೆಜಿಯ ಉಂಡೆ ಮಾಡಿಟ್ಟರೆ ಬೇಕಾದಾಗ ಕತ್ತಿಯಲ್ಲಿ ಕಡಿಯಬೇಕು. ಕರಗಿಸುವುದು ಕಟ್ಟೆಯ ಮೇಲಲ್ಲ, ಫ್ರಿಡ್ಜ್‌ನ ಕೆಳಗಿನ ಅರೆಯಲ್ಲಿ, ಹಿಂದಿನ ರಾತ್ರಿಯೇ ಇಟ್ಟು. ಹೊರಗಿಟ್ಟರೆ ನಡುವೆ ಐಸ್ ಇರುವಾಗಲೇ ಹೊರಮೈ ಬೆಚ್ಚಗಾಗಿರುತ್ತದೆ. ಹಂದಿಯ ಕೊಬ್ಬು ಫ್ರೀಜರ್‌ನಲ್ಲೂ ನಿಧಾನವಾಗಿ ಕಮಟು ಹಿಡಿಯುತ್ತದೆ. ಅದರಿಂದ ಕಾಯಿಲೆ ಬರದಿದ್ದರೂ ರುಚಿ ಹೋಗುತ್ತದೆ, ನಾಲ್ಕೈದು ತಿಂಗಳೊಳಗೆ ಮುಗಿಸಿ. ಹಂದಿ ಮಾಂಸದ ಲಾಡಿಹುಳುವಿಗೆ ಮನೆಯ ಫ್ರೀಜರ್ ಮದ್ದು ಅಂತ ನಂಬಬೇಡಿ. ಪೂರ್ತಿ ಬೇಯಿಸುವುದೇ ಮದ್ದು.

ಮೊಟ್ಟೆಯನ್ನು ತೊಳೆದು ಇಡಬೇಡಿ. ಚಿಪ್ಪಿನ ಮೇಲೆ ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಸಣ್ಣ ತೂತುಗಳು ತೆರೆದುಕೊಳ್ಳುತ್ತವೆ. ನಾಟಿ ಕೋಳಿ ಮೊಟ್ಟೆಗೆ ಗಲೀಜು ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಒಡೆಯುವ ಮುಂಚೆ ತೊಳೆಯಿರಿ.

ಜುಲೈ-ಆಗಸ್ಟ್‌ನ ಮಳೆ ತಿಂಗಳು ಕಕ್ಕಡದಲ್ಲಿ ಕಣಿಲೆ, ಅಂದರೆ ಎಳೆ ಬಿದಿರು, ತಂದವರಿಗೆ ಒಂದು ಮಾತು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ನೀರು ಚೆಲ್ಲುವುದು ಅದಕ್ಕೇ. ಫ್ರಿಡ್ಜ್‌ನಲ್ಲಿ ಎಷ್ಟು ದಿನ ಇಟ್ಟರೂ ಆ ಕೆಲಸ ತಾನಾಗಿ ಆಗುವುದಿಲ್ಲ. ನೆನೆಸಿ ಬೇಯಿಸಿದ್ದನ್ನು ಸಣ್ಣ ಪೊಟ್ಟಣ ಮಾಡಿ ಫ್ರೀಜ್ ಮಾಡಿದರೆ ಹುತ್ತರಿಗೂ ಬೈಂಬಳೆ ಕರಿ ಮಾಡಬಹುದು.

ಫ್ರಿಡ್ಜ್ ಹೇಳದ ಸತ್ಯಗಳು

ಒಳಗಿನ ಡಯಲ್‌ನಲ್ಲಿ 1ರಿಂದ 7ರವರೆಗೆ ಅಂಕಿ ಇದ್ದರೆ ಅದು ಡಿಗ್ರಿ ಅಲ್ಲ. ಸಾಮಾನ್ಯವಾಗಿ ದೊಡ್ಡ ಅಂಕಿ ಅಂದರೆ ಹೆಚ್ಚು ಚಳಿ. 4ಕ್ಕೆ ತಿರುಗಿಸಿ 4 ಡಿಗ್ರಿ ಇದೆ ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಿಜ ಗೊತ್ತಾಗಬೇಕಾದರೆ ಒಂದು ಫ್ರಿಡ್ಜ್ ಥರ್ಮಾಮೀಟರ್ ಬೇಕು. ಬೆಲೆ ಜಾಸ್ತಿ ಏನಿಲ್ಲ. ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ಅರೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಿ. ಗಾಳಿಯಲ್ಲಿಟ್ಟರೆ ಬಾಗಿಲು ತೆರೆದಾಗೆಲ್ಲ ಅಂಕಿ ಕುಣಿಯುತ್ತದೆ.

ಒಳಗೆಲ್ಲ ಒಂದೇ ಚಳಿಯೂ ಇರುವುದಿಲ್ಲ. ಬಾಗಿಲು ಎಲ್ಲಕ್ಕಿಂತ ಬೆಚ್ಚಗಿನ ಜಾಗ. ಅಲ್ಲಿ ಸಾಸ್, ಉಪ್ಪಿನಕಾಯಿ, ನೀರಿನ ಬಾಟಲಿ ಇರಲಿ. ಹಾಲಿನ ಪ್ಯಾಕೆಟ್ ಒಳಗಿನ ಅರೆಯಲ್ಲಿ, ಹಿಂದಕ್ಕೆ ಇರಲಿ. ಚಳಿ ಗಾಳಿ ಸುತ್ತಲು ಜಾಗ ಬೇಕು, ಹಬ್ಬದ ಹಿಂದಿನ ದಿನ ಮೂಟೆ ತುರುಕಿದ ಹಾಗೆ ತುಂಬಿದರೆ ಮುಂದಿನ ಸಾಲು ತಣಿಯುವುದೇ ಇಲ್ಲ.

ಕೊಡಗಿನಂಥ ಊರಿಗೇ ಇರುವ ಒಂದು ವಿಚಿತ್ರ ತೊಂದರೆ ಇದೆ. ಚಳಿಗಾಲದಲ್ಲಿ ಫ್ರೀಜರ್‌ನ ಐಸ್‌ಕ್ರೀಮ್ ಮೆತ್ತಗಾಗುತ್ತದೆ! ಫ್ರಿಡ್ಜ್ ಕೆಟ್ಟಿತು ಅಂತ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಪ್ರತಿ ಫ್ರಿಡ್ಜ್‌ಗೂ ಇಂತಿಷ್ಟು ಕೋಣೆ ಬಿಸಿಯಲ್ಲಿ ಕೆಲಸ ಮಾಡಬೇಕು ಅಂತ ಒಂದು ವರ್ಗ ಇರುತ್ತದೆ. ಒಳಗಿನ ಗೋಡೆಯ ಸ್ಟಿಕ್ಕರ್‌ನಲ್ಲಿ ಎನ್, ಎಸ್‌ಟಿ, ಟಿ ಅಂತ ಬರೆದಿರುತ್ತಾರೆ. ಎನ್ ಅಂದರೆ 16ರಿಂದ 32 ಡಿಗ್ರಿ, ಎಸ್‌ಟಿ 16ರಿಂದ 38, ಟಿ 16ರಿಂದ 43. ಮೂರರಲ್ಲೂ ಕೆಳಗಿನ ಗಡಿ 16. ಎಸ್‌ಎನ್ ಅಂತಿದ್ದರೆ ಮಾತ್ರ 10. ಹುತ್ತರಿ ಹೊತ್ತಿನ ಮಡಿಕೇರಿಯ, ಭಾಗಮಂಡಲದ ರಾತ್ರಿಗಳು ಆ 16ಕ್ಕಿಂತ ಕೆಳಗೆ ಹೋಗುತ್ತವೆ.

ಹೋದರೆ ಏನಾಗುತ್ತದೆ? ಎರಡು ಬಾಗಿಲಿನ, ಆದರೆ ಚಳಿ ಅಳೆಯುವ ಸೆನ್ಸರ್ ಕೆಳಗಿನ ಭಾಗದಲ್ಲಿ ಮಾತ್ರ ಇರುವ ಮಾಡೆಲ್‌ಗಳನ್ನು ತೆಗೆದುಕೊಳ್ಳಿ. ಕೋಣೆಯೇ 12 ಡಿಗ್ರಿ ಇದ್ದಾಗ ಒಳಗಿನ 4 ಡಿಗ್ರಿ ಬೇಗ ಏರುವುದಿಲ್ಲ. ‘ಎಲ್ಲ ಸರಿ ಇದೆ’ ಅಂತ ಸೆನ್ಸರ್ ಸುಮ್ಮನಿರುತ್ತದೆ, ಕಂಪ್ರೆಸರ್ ಓಡುವುದಿಲ್ಲ. ಮೇಲಿನ ಫ್ರೀಜರ್‌ಗೆ ಮೈನಸ್ 18 ಬೇಕು, ಅದಕ್ಕೂ ಅದೇ ಕಂಪ್ರೆಸರ್ ಗತಿ. ಹಾಗೆ ಅದು ಮೆಲ್ಲಗೆ ಬಿಸಿಯಾಗುತ್ತದೆ. ಚಳಿಗಾಲ ಬಂತು ಅಂತ ನಾವು ಡಯಲ್ ಇನ್ನಷ್ಟು ಕಡಿಮೆ ಮಾಡಿದರೆ ಕಂಪ್ರೆಸರ್ ಮತ್ತೂ ಕಡಿಮೆ ಓಡುತ್ತದೆ. ಇಂಥ ಫ್ರಿಡ್ಜ್ ಇದ್ದವರು ಡಿಸೆಂಬರ್, ಜನವರಿಯಲ್ಲಿ ಡಯಲ್ ಇಳಿಸದೆ ಹಾಗೇ ಬಿಡುವುದು ಲೇಸು. ಹಿಂದಿನ ತೆರೆದ ವರಾಂಡದಲ್ಲಿ ಫ್ರಿಡ್ಜ್ ಇದ್ದರೆ ಒಳಗೆ ತನ್ನಿ. ಒಳಗೆ ಅಂದರೆ ಸೌದೆ ಒಲೆಯ ಪಕ್ಕಕ್ಕಲ್ಲ, ಮತ್ತೆ.

ಸ್ಟಾರ್ ವಿಷಯದಲ್ಲೂ ಗೊಂದಲ ಇದೆ. ಬಾಗಿಲ ಮೇಲೆ ಅಂಟಿಸಿರುವ ಬಿಇಇ ಸ್ಟಾರ್‌ಗಳು ಕರೆಂಟ್ ಉಳಿತಾಯದ ಲೆಕ್ಕ. ಫ್ರೀಜರ್‌ನ ಚಳಿಗೂ ಅದಕ್ಕೂ ಸಂಬಂಧ ಇಲ್ಲ. ಫ್ರೀಜರ್ ಬಾಗಿಲಲ್ಲೇ ಅಚ್ಚಾಗಿರುವ ಸಣ್ಣ ನಕ್ಷತ್ರಗಳು ಇದ್ದರೆ ಅವುಗಳನ್ನು ನೋಡಿ. ಒಂದು ನಕ್ಷತ್ರ ಮೈನಸ್ 6, ಎರಡು ಮೈನಸ್ 12, ಮೂರು ಮೈನಸ್ 18. ಒಂದು ನಕ್ಷತ್ರದ ಪೆಟ್ಟಿಗೆಯಲ್ಲಿ ಮಾಂಸ ಒಂದು ವಾರಕ್ಕಿಂತ ಜಾಸ್ತಿ ಇಡಬೇಡಿ, ಎರಡಾದರೆ ಒಂದು ತಿಂಗಳು.

ಮಳೆಗಾಲದಲ್ಲಿ ಬಾಗಿಲ ಸುತ್ತಲಿನ ರಬ್ಬರಿಗೆ ಕಪ್ಪು ಬೂಷ್ಟು ಹಿಡಿಯದ ಮನೆ ನಮ್ಮಲ್ಲಿ ಅಪರೂಪ. ಸೋಪು ನೀರಿನಲ್ಲಿ ಒರೆಸಿ, ಒಣಗಿಸಿ. ಒಂದು ಕಾಗದ ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ. ಅಲ್ಲಿಂದ ಒಳಹೋಗುವ ತೇವದ ಗಾಳಿಯೇ ಫ್ರೀಜರ್‌ನಲ್ಲಿ ಐಸ್ ಗುಡ್ಡೆ ಕಟ್ಟುವುದು. ಆ ಐಸನ್ನು ಚಾಕುವಿನಲ್ಲಿ ಕೆರೆಯಬೇಡಿ. ಗೋಡೆಯೊಳಗಿನ ಕೊಳವೆ ತೂತಾದರೆ ಗ್ಯಾಸ್ ಹೋಗುತ್ತದೆ, ಈಗಿನ ಬಹಳಷ್ಟು ಫ್ರಿಡ್ಜ್‌ಗಳಲ್ಲಿರುವ ಆರ್600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು.

ಕುಡಿಯುವ ವಸ್ತುಗಳು

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದಾದರೂ ಅದಕ್ಕೆ ಚಳಿ ಬೇಕೇ ಬೇಕು. ಅಂಗಡಿಯಲ್ಲಿ ಕ್ರೇಟ್ ಹೊರಗಿದ್ದರೆ ಯೋಚಿಸಿ. ಯುಎಚ್‌ಟಿ ಮಾಡಿದ, ಅಂದರೆ ತೀರಾ ಹೆಚ್ಚು ಬಿಸಿಯಲ್ಲಿ ಕೆಲವು ಕ್ಷಣ ಕಾಯಿಸಿ ಪ್ಯಾಕ್ ಮಾಡಿದ ಹಾಲು, ಪ್ಯಾಕೆಟ್ ತೆರೆಯುವವರೆಗೆ ಹೊರಗಿರಬಹುದು. ಮಳೆಗಾಲದಲ್ಲಿ ದಾರಿ ಬಂದ್ ಆಗುವ ಊರುಗಳಿಗೆ ಇದು ದೊಡ್ಡ ಅನುಕೂಲ, ನಾಲ್ಕು ಪ್ಯಾಕೆಟ್ ಇಟ್ಟಿರಿ. ಪ್ಯಾಕೆಟ್ ತೆರೆದ ಮೇಲೆ ಅದೂ ಮಾಮೂಲಿ ಹಾಲೇ. ಕೊಟ್ಟಿಗೆಯಿಂದ ಬಂದ ಹಾಲನ್ನು ಕಾಯಿಸಿ, ತಣಿಸಿ, ಒಳಗಿಡಿ. ಹಸಿ ಹಾಲಲ್ಲಿ ಲಿಸ್ಟೀರಿಯಾ ಇರಬಹುದು. ಅದು ಫ್ರಿಡ್ಜ್‌ನ ಚಳಿಯಲ್ಲೂ ಬೆಳೆಯುವ ಹಟಮಾರಿ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಬಹಳ ಅಪಾಯ.

ಕಾಫಿ ಡಿಕಾಕ್ಷನ್ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಒಂದೆರಡು ದಿನ ಇರುತ್ತದೆ. ಕಾಫಿ ಪುಡಿಯನ್ನು ಮಾತ್ರ ದಿನಾ ಬಳಸುವ ಡಬ್ಬಿಯಲ್ಲಿ ಫ್ರಿಡ್ಜ್‌ನೊಳಗೆ ಇಡಬೇಡಿ. ಹೊರಗೆ ತೆಗೆದಾಗೆಲ್ಲ ಮೈ ಬೆವರಿ ತೇವ ಕುಡಿಯುತ್ತದೆ. ಪಕ್ಕದ ಒಣಮೀನಿನ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಮೀನಿನ ವಾಸನೆಯ ಕಾಫಿ ಕುಡಿಯುವುದು ನಾಚಿಕೆ ಅಲ್ವಾ?

ಮನೆಯಲ್ಲಿ ಮಾಡಿದ ವೈನ್ ಹುಳಿಯುವುದು ನಿಲ್ಲುವ ಮುಂಚೆ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಒಳಗೆ ಗ್ಯಾಸ್ ಕಟ್ಟಿ ಗಾಜು ಸಿಡಿಯಬಹುದು. ಫ್ರಿಡ್ಜ್ ಆ ಕೆಲಸವನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬಿಯರ್, ಸೋಡಾ ಬೇಗ ತಣ್ಣಗಾಗಲಿ ಅಂತ ಫ್ರೀಜರ್‌ಗೆ ಹಾಕಿ ಮರೆಯುವುದೂ ಅಷ್ಟೇ. ನೀರು ಐಸ್ ಆಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಬಾಟಲಿ ಹಿಗ್ಗುವುದಿಲ್ಲ.

ಜೇನು ಹೊರಗಿರಲಿ, ಒಳಗಿಟ್ಟರೆ ಬೇಗ ಹರಳುಗಟ್ಟುತ್ತದೆ. ಬಾಳೆಹಣ್ಣು, ಆಲೂಗಡ್ಡೆ, ಈರುಳ್ಳಿಯೂ ಹೊರಗೆ. ಬೆಣ್ಣೆಹಣ್ಣು ಹೊರಗೆ ಹಣ್ಣಾಗಲಿ, ಆಮೇಲೆ ಒಳಗೆ. ಕಿತ್ತಳೆ ತರಕಾರಿ ಡಬ್ಬದಲ್ಲಿ ಒಂದೆರಡು ವಾರ ಚೆನ್ನಾಗೇ ಇರುತ್ತದೆ.

ಕರೆಂಟ್ ಹೋದಾಗ

ಇಷ್ಟೆಲ್ಲ ಹೇಳಿದ್ದು ಕರೆಂಟ್ ಇದ್ದರೆ. ಮರ ಬಿದ್ದು ಲೈನ್ ತುಂಡಾದರೆ ನಾಪೋಕ್ಲು, ಭಾಗಮಂಡಲ ಕಡೆ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. 2018ರ ಆಗಸ್ಟ್‌ನ ಮಳೆ, ಭೂಕುಸಿತದಲ್ಲಿ ಎಷ್ಟೋ ಹಳ್ಳಿಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಮನೆಯ ಇನ್ವರ್ಟರ್ ಸಾಮಾನ್ಯವಾಗಿ ಲೈಟು, ಫ್ಯಾನಿಗೆ ಮಾತ್ರ.

ಬಾಗಿಲು ತೆರೆಯದಿದ್ದರೆ ಫ್ರಿಡ್ಜ್ ಸುಮಾರು 4 ಗಂಟೆ ಚಳಿ ಹಿಡಿದಿಡುತ್ತದೆ. ಪ್ರತ್ಯೇಕ ಬಾಗಿಲಿನ ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24. ಒಂದೇ ಬಾಗಿಲಿನ ಫ್ರಿಡ್ಜ್‌ನೊಳಗಿನ ಸಣ್ಣ ಐಸ್ ಪೆಟ್ಟಿಗೆಯಿಂದ ಇಷ್ಟು ನಿರೀಕ್ಷಿಸಬೇಡಿ. ತುಂಬಿದ ಫ್ರೀಜರ್ ಹೆಚ್ಚು ಹೊತ್ತು ಬಾಳುವುದು ಒಳಗಿನ ಐಸ್‌ನಿಂದ. ಹಾಗಾಗಿ ಜೂನ್ ಮೊದಲ ವಾರವೇ ಖಾಲಿ ಜಾಗಕ್ಕೆಲ್ಲ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿ ಐಸ್ ಮಾಡಿಡಿ, ಮೇಲೆ ಸ್ವಲ್ಪ ಜಾಗ ಬಿಟ್ಟು. ಕರೆಂಟ್ ಹೋದಾಗ ಅದರಲ್ಲಿ ಎರಡು ಬಾಟಲಿ ಕೆಳಗೆ ಹಾಲು, ಮಾಂಸದ ಪಕ್ಕ ಇಟ್ಟು ಬಾಗಿಲು ಮುಚ್ಚಿಬಿಡಿ. ಎಷ್ಟು ತಣ್ಣಗಿದೆ ನೋಡೋಣ ಅಂತ ಮಕ್ಕಳು ಗಂಟೆಗೊಮ್ಮೆ ತೆರೆಯದಂತೆ ನೋಡಿಕೊಳ್ಳಿ.

ಮನೆಯಲ್ಲಿ ಇಲ್ಲದಾಗ ಕರೆಂಟ್ ಹೋಗಿ ಬಂದಿತ್ತಾ ಅಂತ ತಿಳಿಯಲು ಒಂದು ಹಳೆಯ ಉಪಾಯ ಇದೆ. ಸಣ್ಣ ಲೋಟದಲ್ಲಿ ನೀರು ಐಸ್ ಮಾಡಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಟ್ಟುಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಐಸ್ ಪೂರ್ತಿ ಕರಗಿಲ್ಲ. ಐಸ್ ಗಟ್ಟಿಯಾಗಿದ್ದೂ ನಾಣ್ಯ ತಳದಲ್ಲಿದ್ದರೆ, ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಮಾಂಸವೂ ಹಾಗೇ ಕರಗಿ ಗಟ್ಟಿಯಾಗಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಮಗಳ ಮನೆಗೆ ಬೆಂಗಳೂರಿಗೆ ಹೋಗಿ ವಾರ ಬಿಟ್ಟು ಬರುವವರಿಗೆ ಇದಕ್ಕಿಂತ ಅಗ್ಗದ ಸಾಧನ ಇಲ್ಲ.

ಕರೆಂಟ್ ಬಂದ ಕೂಡಲೇ ಫ್ರಿಡ್ಜ್ ಹಾಕಬೇಡಿ. ಲೈನ್ ಸರಿಯಾದ ಮೊದಲ ನಿಮಿಷಗಳಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಐದು ನಿಮಿಷ ಬಿಟ್ಟು ಹಾಕಿ. ಕಂಪ್ರೆಸರ್ ಗುಂಯ್ ಅಂದು ಟಕ್ ಅಂತ ನಿಲ್ಲುತ್ತಿದ್ದರೆ ವೋಲ್ಟೇಜ್ ಸಾಲದಿರಬಹುದು, ಆಫ್ ಮಾಡಿ. ಸ್ಟೆಬಿಲೈಸರ್ ಬೇಕಾದ ಜಾಗ ಅದು.

ಆಮೇಲೆ ಬಾಗಿಲು ತೆರೆದು ಆರಿಸುವ ಕೆಲಸ. ಫ್ರೀಜರ್‌ನಲ್ಲಿ ಇನ್ನೂ ಐಸ್ ಹರಳು ಕಾಣುತ್ತಿರುವ ಮಾಂಸ ಉಳಿಯಿತು, ಮತ್ತೆ ಗಟ್ಟಿಯಾಗಲು ಬಿಡಬಹುದು, ರುಚಿ ಸ್ವಲ್ಪ ಹೋಗುತ್ತದೆ ಅಷ್ಟೇ. ಕೆಳಗಿನ ಭಾಗದಲ್ಲಿ ಬೆಣ್ಣೆ, ಉಪ್ಪಿನಕಾಯಿ, ಜಾಮ್, ಕಾಚಂಪುಳಿ, ಇಡೀ ಹಣ್ಣು, ತರಕಾರಿಗೆ ಏನೂ ಆಗಿರುವುದಿಲ್ಲ. ಮೊಸರು ಹುಳಿಯಾದರೆ ಮಜ್ಜಿಗೆ ಮಾಡಿ. 4 ಡಿಗ್ರಿಗಿಂತ ಮೇಲೆ 2 ಗಂಟೆ ದಾಟಿದ ಮಾಂಸ, ಮೀನು, ಹಾಲು, ಅನ್ನ, ಸಾರು, ತೆಂಗಿನ ಹಾಲಿನ ಪಾಯಸ ಹೋಯಿತು ಅಂತಲೇ ತಿಳಿಯಿರಿ. ನಾಲಿಗೆಗೆ ಇಟ್ಟು ಪರೀಕ್ಷೆ ಮಾಡುವುದು ಬೇಡ. ಹಬ್ಬಕ್ಕೆ ತಂದ ನಾಲ್ಕು ಕೆಜಿ ಹಂದಿ ಮಾಂಸ ಎಸೆಯುವಾಗ ಹೊಟ್ಟೆ ಉರಿಯುತ್ತದೆ, ನಿಜ. ಎಸೆಯುವುದನ್ನೂ ತೋಟದ ಅಂಚಿಗೆ ಬೀಸಿ ಬಿಡಬೇಡಿ. ನಾಯಿ, ಕಾಡುಹಂದಿ ಎಳೆದಾಡುತ್ತವೆ. ಬಾವಿಯಿಂದ ದೂರ, ಎರಡು ಅಡಿಯಾದರೂ ಗುಂಡಿ ತೋಡಿ, ಮೇಲೆ ಸ್ವಲ್ಪ ಸುಣ್ಣ ಹಾಕಿ ಮುಚ್ಚಿ.